ಮೇಷ್ಟ್ರ ಮೀನಿನ ಮೇಜು

ಕಾಫಿಯಲ್ಲಿ ಮೀನಿನ ಹುರುಪೆಯೊಂದು ತೇಲಿದ್ದೇ ಇಷ್ಟಕ್ಕೆಲ್ಲ ಮೂಲ. ಅದು ಡ್ರಾಯಿಂಗ್ ಮೇಷ್ಟ್ರ ಲೋಟದಲ್ಲಿ ತೇಲಿದ್ದರೆ ಅವರು ಬೆರಳಿನಿಂದ ಎತ್ತಿ ಒಗೆದು, ಉಳಿದದ್ದನ್ನು ಸೊರ್ರೆಂದು ಕುಡಿದು ಮುಗಿಸುತ್ತಿದ್ದರು. ತೇಲಿದ್ದು ಅವರ ಹೆಂಡತಿಯ ಲೋಟದಲ್ಲಿ.

"ರೀ, ಇನ್ನೊಂದೇ ಒಂದು ಹುರುಪೆ ನನ್ನ ಅಡುಗೆಮನೇಲಿ ಕಾಣಿಸ್ಲಿ, ಅವತ್ತಿಗೆ ಈ ಮನೇಲಿ ಮೀನು ಬಂದ್!"

ವಾರವಿಡೀ ಮಕ್ಕಳ ಮೂರು ಕಾಲಿನ ಕುದುರೆಗಳನ್ನು ತಿದ್ದುವ ಮೇಷ್ಟ್ರಿಗೆ ಇದ್ದ ಸುಖ ಒಂದೇ. ಭಾನುವಾರ ಬೆಳಿಗ್ಗೆ ಮನೆ ಹಿಂದೆ ಉಪ್ಪುನೀರಿನ ಹೊಳೆಗೆ ಚಾಚಿದ್ದ ಮರದ ಜೆಟ್ಟಿಯ ಮೇಲೆ ಕೂತು ಗಾಳ ಹಾಕುವುದು, ಸಿಕ್ಕಿದ್ದನ್ನು ಕೊಯ್ದು ಕೊಡುವುದು, ಮಧ್ಯಾಹ್ನ ಹೆಂಡತಿ ಹುರಿದದ್ದನ್ನು ಮುಳ್ಳೂ ಬಿಡದೆ ತಿನ್ನುವುದು. ಹುರಿಯುವುದಕ್ಕೆ ಆಕೆಯ ತಕರಾರಿರಲಿಲ್ಲ. ತಕರಾರೆಲ್ಲ ಕೊಯ್ಯುವುದರದ್ದು.

ಹಾಗಾಗಿ ಮೀನು ಕೊಯ್ಯಲೆಂದೇ ಮಾಡಿದ ಮೇಜೊಂದನ್ನು ಮೇಷ್ಟ್ರು ತರಿಸಿದರು. ಸ್ಟೀಲಿನ ಕಾಲು, ಚಾಕುವಿಗೂ ಜಗ್ಗದ ದಪ್ಪ ಬಿಳಿ ಹಲಗೆ, ಹುರುಪೆ ಹಾರದಂತೆ ಸುತ್ತ ಅಂಚು, ಪಕ್ಕದಲ್ಲೇ ನಲ್ಲಿ ಮತ್ತು ತೊಟ್ಟಿ. ಉಪ್ಪುನೀರಿಗೆ ತುಕ್ಕು ಹಿಡಿಯುವುದಿಲ್ಲ, ಬಿಸಿಲಿಗೆ ಬಿರಿಯುವುದಿಲ್ಲ ಎಂದು ಮಾರಿದವನು ಆಣೆ ಮಾಡಿದ್ದ. ಭಾನುವಾರ ಬೆಳ್ಳಂಬೆಳಿಗ್ಗೆ ವೆಲ್ಡರ್ ಬಂದು ಅದನ್ನು ಜೆಟ್ಟಿಯ ತುದಿಯಲ್ಲಿ ನಿಲ್ಲಿಸಿ, ಮನೆಯ ಟ್ಯಾಂಕಿನಿಂದ ಪೈಪು ಎಳೆದ.

"ಮೇಷ್ಟ್ರೇ, ಇದನ್ನ ಯಾವತ್ತಾದ್ರೂ ಬಿಚ್ಚೋದಿದ್ಯಾ?"

"ಈ ಜನ್ಮದಲ್ಲಿಲ್ಲ!" ಎಂದರು ಮೇಷ್ಟ್ರು ಎದೆಯುಬ್ಬಿಸಿ. ಹಿಂದೆ ಅಲ್ಲಿಟ್ಟಿದ್ದ ಎರಡು ಹಲಗೆಗಳನ್ನು ನೀರು ಹೊತ್ತೊಯ್ದಿತ್ತು.

ವೆಲ್ಡರ್ ಹೇಳಿದ ಮಾತನ್ನು ತಪ್ಪದೆ ಪಾಲಿಸುವವನು. ಜೆಟ್ಟಿಯ ತೊಲೆಗೇ ಬೋಲ್ಟು ಹೊಡೆದು, ನಟ್ಟುಗಳನ್ನು ಬೋಲ್ಟಿಗೆ ಬೆಸೆದು, ಇನ್ನೊಂದು ಕೆಲಸಕ್ಕೆ ಹೊರಟುಹೋದ.

ಅವತ್ತು ಮೇಷ್ಟ್ರ ಅದೃಷ್ಟ ಖುಲಾಯಿಸಿತ್ತು. ಮೊಳಕೈಯಷ್ಟು ಉದ್ದದ ಮೀನು ಬಿತ್ತು. ತಾಜಾ ಇರಲೆಂದು ಅದನ್ನು ಬಲೆಚೀಲದಲ್ಲಿ ಹಾಕಿ, ಜೆಟ್ಟಿಯ ಕಂಬಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟು, ಚಾಕು ಮಸೆಯಲು ಕೂತರು. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಕಂಪೌಂಡರು ಒಂದು ಚೀಲ ಸಣ್ಣ ಮೀನಿನ ಸಮೇತ ಪ್ರತ್ಯಕ್ಷರಾದರು.

"ಓಹೋ! ಆಪರೇಷನ್ ಥಿಯೇಟರೇ ಹಾಕಿಸ್ಬಿಟ್ರಲ್ಲ! ನಂದೊಂದು ನಿಮಿಷ ಮೇಷ್ಟ್ರೇ, ಮುಗಿಸ್ಕೊಂಡ್ಬಿಡ್ತೀನಿ."

ನೆರೆಹೊರೆಗೆ ಬೇಡ ಎನ್ನುವ ಪದ ಮೇಷ್ಟ್ರ ಬಾಯಿಯಲ್ಲಿ ಹುಟ್ಟಿದ್ದೇ ಇಲ್ಲ. ಕಂಪೌಂಡರ ಹಿಂದೆಯೇ ಆಚೆಮನೆಯ ಟೈಲರ್ ಎಂಜಿನ್ ದೋಣಿಯಲ್ಲಿ ಬಂದ. ಅವನ ಹಿಂದೆ ಅವನ ಅತ್ತಿಗೆ, ಅತ್ತಿಗೆಯ ಹಿಂದೆ ಮೂರು ಬೆಕ್ಕು. ದಾರಿಯಲ್ಲಿ ಹೋಗುತ್ತಿದ್ದ ದೋಣಿಗಳೂ ಮೇಜು ಕಂಡು ಇತ್ತ ತಿರುಗಿದವು. ಕಂಪೌಂಡರಿಗೆ ಹಳೆಯ ದವಾಖಾನೆಯ ಹುರುಪು ಬಂತು. ಸಿಗರೇಟ್ ಪ್ಯಾಕು ಹರಿದು ಎಲ್ಲರಿಗೂ ನಂಬರ್ ಚೀಟಿ ಹಂಚಿದರು. ಮೇಷ್ಟ್ರಿಗೂ ಒಂದು ಕೊಟ್ಟರು.

"ಅಲ್ರೀ, ಮೇಜು ನಂದು!"

"ಇರ್ಲಿ, ಅದಕ್ಕೆ ಯಾರು ಇಲ್ಲ ಅಂದ್ರು? ಕೂಗ್ತೀನಿ, ಬೆಂಚಲ್ಲಿ ಕೂತಿರಿ."

ಮೇಷ್ಟ್ರು ಚೀಟಿ ಹಿಡಿದು ಜೆಟ್ಟಿಯ ಬೆಂಚಿನ ಮೇಲೆ ಕೂತರು. ಅವರ ನಂಬರು ಬರುವ ಮೊದಲೇ ಟ್ಯಾಂಕಿನ ನೀರು ಖಾಲಿಯಾಯಿತು. ಆಗ ಬಚ್ಚಲಲ್ಲಿ ಹೆಂಡತಿಯ ತಲೆತುಂಬ ಸೋಪಿನ ನೊರೆ.

ತಲೆಗೆ ಟವೆಲು ಸುತ್ತಿಕೊಂಡು ಹಿತ್ತಲಿಗೆ ಬಂದ ಆಕೆಯನ್ನು ಕಂಡು ಬೆಕ್ಕುಗಳೂ ಎದ್ದು ನಿಂತವು.

"ಸಂಜೆಯೊಳಗೆ ಆ ಮೇಜು ಅಲ್ಲಿಂದ ಏಳ್ಬೇಕು. ಇಲ್ಲಾಂದ್ರೆ ನಾಳೆಯಿಂದ ಬರೀ ಸೌತೆಕಾಯಿ!"

ವೆಲ್ಡರನ್ನು ಊಟದ ನಡುವೆ ಎಬ್ಬಿಸಿ ಕರೆತಂದರು. ಅವನು ಬಗ್ಗಿ ನೋಡಿ ತಲೆಯಾಡಿಸಿದ. "ನೀವೇ ಹೇಳಿದ್ರಲ್ಲ, ಈ ಜನ್ಮದಲ್ಲಿಲ್ಲ ಅಂತ!" ಆದರೂ ಗರಗಸ ಹಿಡಿದ. ಸ್ಟೀಲು ಬ್ಲೇಡುಗಳನ್ನು ಒಂದೊಂದಾಗಿ ನುಂಗಿ ಹಾಕಿತು. ತೊಲೆಯನ್ನೇ ಕೊಯ್ದರೆ ಮೇಜೇನೋ ಬರುತ್ತದೆ, ಜೆಟ್ಟಿ ಉಳಿಯುವುದಿಲ್ಲ ಎಂದ. ಮೇಷ್ಟ್ರು ಬೇಡವೇ ಬೇಡ ಎಂದರು.

"ಎಂಜಿನ್ ಇದೆ, ಹಗ್ಗ ಇದೆ, ಯಾಕೆ ಚಿಂತೆ?" ಎಂದ ಟೈಲರ್. ಬೆಳಿಗ್ಗೆಯ ಉಪಕಾರ ತೀರಿಸುವ ಆತುರ ಅವನಿಗೆ. ಮೇಜಿಗೆ ಹಗ್ಗ ಬಿಗಿದು ದೋಣಿ ಹೊರಡಿಸಿದ. ಮೇಷ್ಟ್ರು ಮೇಜು ನೀರಿಗೆ ಬೀಳದಿರಲೆಂದು ಅದರ ಕಾಲನ್ನು ಅಪ್ಪಿ ಹಿಡಿದರು.

ಎಂಜಿನ್ ಬೊಬ್ಬಿಟ್ಟಿತು, ಹಗ್ಗ ಬಿಗಿಯಿತು. ಲಟಲಟನೆ ಸದ್ದಾಯಿತು. ಮೇಜು ಅಲುಗಲಿಲ್ಲ, ಜೆಟ್ಟಿಯೇ ಕಿತ್ತು ಬಂತು. ಹಲಗೆ, ತೊಲೆ, ಬೆಂಚು, ಮೇಜು, ಮೇಷ್ಟ್ರು ಎಲ್ಲವೂ ಒಟ್ಟಿಗೆ ತೇಲಿಕೊಂಡು ಹೊರಟವು. ಕಂಬ ಉರುಳಿ ಬಲೆಚೀಲ ಬಾಯಿ ಬಿಟ್ಟಿತು, ಮೊಳಕೈಯುದ್ದದ ಮೀನು ಬಾಲವಾಡಿಸಿ ಮಾಯವಾಯಿತು.

"ಅಯ್ಯೋ, ನನ್ನ ಮೀನು!" ಮೇಷ್ಟ್ರಿಗೆ ನಿಜವಾಗಿಯೂ ಅಳು ಬಂತು.

ಎಲ್ಲರೂ ಸೇರಿ ಅವರನ್ನೂ ಮೇಜನ್ನೂ ದಡಕ್ಕೆಳೆದರು. ಮೇಜಿನ ಕಾಲಿಗೆ ಅಂಟಿಕೊಂಡಿದ್ದ ತೊಲೆಯ ತುಂಡನ್ನು ವೆಲ್ಡರ್ ಕೊಯ್ದು ಹಾಕಿದ. ಮೇಷ್ಟ್ರ ಮಂಡಿ ತರಚಿತ್ತು, ಕನ್ನಡಕ ಒಡೆದಿತ್ತು. ಮೇಜಿನ ಮೇಲೆ ಒಂದು ಗೀರೂ ಇರಲಿಲ್ಲ.

ಹೆಂಡತಿ ಬಂದು ಮೇಜಿನ ಸುತ್ತ ಒಂದು ಸುತ್ತು ಹಾಕಿದಳು. ಹಲಗೆಯ ಮೇಲೆ ಕೈಯಾಡಿಸಿದಳು. ಅದರ ಎದುರು ನಿಂತು ಎತ್ತರ ನೋಡಿದಳು. ಅಡುಗೆಮನೆಯ ಕಟ್ಟೆ ತೀರಾ ತಗ್ಗು, ಬಗ್ಗಿ ಬಗ್ಗಿ ಸೊಂಟ ಹೋಯಿತು ಎಂದು ಆಕೆ ವರ್ಷಗಳಿಂದ ಹೇಳುತ್ತಿದ್ದಳು.

"ಚೆನ್ನಾಗಿ ಉಜ್ಜಿ ತೊಳೆದು ಒಳಗಿಡ್ರಪ್ಪಾ."

ಬೇಡ ಎನ್ನುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಬಿಸಿನೀರು, ಸೋಪು, ಬ್ರಷ್ಷು ಎಲ್ಲ ಬಂದವು. ಕತ್ತಲಾಗುವ ಮುಂಚೆ ಮೇಜು ಅಡುಗೆಮನೆಯ ಗೋಡೆಗೆ ಒರಗಿ ನಿಂತಿತು. ವೆಲ್ಡರ್ ಬೋಲ್ಟು ಹಿಡಿದು ಕೇಳಿದ, "ಅಮ್ಮಾ, ಇದನ್ನ ಯಾವತ್ತಾದ್ರೂ ಬಿಚ್ಚೋದಿದ್ಯಾ?"

"ಈ ಜನ್ಮದಲ್ಲಿಲ್ಲ."

ಮೇಷ್ಟ್ರ ಸ್ಥಿತಿ ಕಂಡು ಮನಸ್ಸು ಕರಗಿದ ಕಂಪೌಂಡರು ಮನೆಗೆ ಓಡಿ, ಒಂದು ದೊಡ್ಡ ಮೀನು ತಂದು ಮೇಷ್ಟ್ರ ಕೈಗಿಟ್ಟರು. ಮೇಷ್ಟ್ರ ಮುಖ ಅರಳಿತು. ಮೀನು ಹಿಡಿದು ಹೊಸ ಮೇಜಿನತ್ತ ಹೆಜ್ಜೆ ಹಾಕಿದರು. ಹೆಂಡತಿ ಅಡ್ಡ ನಿಂತಳು.

"ರೀ, ಇಷ್ಟು ಒಳ್ಳೆ ಮೇಜಿನ ಮೇಲೆ ಮೀನಾ? ಹೊರಗಡೆ ಕೊಯ್ದು ತನ್ನಿ, ಹುರಿದು ಕೊಡ್ತೀನಿ."

ಹೊರಗೆ ಜೆಟ್ಟಿಯಿರಲಿಲ್ಲ, ಬೆಂಚಿರಲಿಲ್ಲ. ಮೇಷ್ಟ್ರು ತಮ್ಮ ಡ್ರಾಯಿಂಗ್ ಬೋರ್ಡನ್ನು ತಂದು ದಡದ ಕೆಸರಲ್ಲಿಟ್ಟು, ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೊದಲ ಹುರುಪೆ ಹಾರಿ ಮೂಗಿಗೆ ಅಂಟಿತು. ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಬೇಲಿಯ ಮೇಲಿಂದ ಕಂಪೌಂಡರ ತಲೆ ಇಣುಕಿತು.

"ಬೋರ್ಡು ಗಟ್ಟಿ ಇದ್ಯಲ್ಲ ಮೇಷ್ಟ್ರೇ! ನಿಮ್ಮ ಹಿಂದೆ ಯಾರ ನಂಬರು?"