ಇಪ್ಪತ್ತಕ್ಕೆ ಮೂರು

ನನ್ನ ನಾದಿನಿ ಮಾಡಿದ ಮೈಸೂರುಪಾಕನ್ನು ಯಾರೂ ಸುಮ್ಮನೆ ಬಾಯಿಗೆ ಹಾಕಿಕೊಳ್ಳುವ ಹಾಗಿಲ್ಲ. ಮೊದಲು ಓದಬೇಕು! ಪ್ರತಿ ತುಂಡಿನ ಕೆಳಗೂ ಒಂದು ಪುಟ್ಟ ಬಟರ್ ಪೇಪರು. ಅದರ ಎಡಮೂಲೆಯಲ್ಲಿ ಪೆನ್ಸಿಲಿನಲ್ಲಿ 4/16, ಬಲಮೂಲೆಯಲ್ಲಿ ಅವಳ ಸಹಿ. ಒಟ್ಟು ಹದಿನಾರು ತುಂಡು ಮಾಡಿದ್ದಾಳೆ, ನಿಮ್ಮ ಕೈಗೆ ಬಂದಿರುವುದು ನಾಲ್ಕನೆಯದು ಅಂತ ಅರ್ಥ. "ಇನ್ನೊಂದು ಕೊಡೇ" ಅಂದರೆ, "ಎಡಿಷನ್ ಮುಗೀತು ಅತ್ತಿಗೆ" ಅನ್ನುತ್ತಾಳೆ. ಮುಗಿಯಿತು ಅಂದರೆ ಮುಗಿಯಿತೇ! ಅದೇ ಹದದ ಪಾಕು ಈ ಜನ್ಮದಲ್ಲಿ ಮತ್ತೆ ಇಲ್ಲ. ತುಪ್ಪದ ಅಳತೆ ಬರೆದುಕೊಂಡ ಚೀಟಿಯ ಮೇಲೆ ಕೊರೆದ ಹಾಗೆ ಎರಡು ಗೆರೆ ಎಳೆದು ಫ್ರಿಜ್ಜಿಗೆ ಅಂಟಿಸಿರುತ್ತಾಳೆ, ಇನ್ನು ಯಾರೂ ಕಾಪಿ ಹೊಡೆಯಬಾರದಂತೆ.

ಇವಳು ನಮ್ಮವರ ಒಬ್ಬಳೇ ತಂಗಿ. ಮದುವೆಯ ಗೋಜಿಗೆ ಹೋದವಳಲ್ಲ. ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಡೀ ಸರ್ವಿಸು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತ ಡಾಕ್ಟರು. ಗಾಜಿನ ಸ್ಲೈಡುಗಳಿಗೆ ನಂಬರು ಬರೆದೂ ಬರೆದೂ, ನಂಬರಿಲ್ಲದ ವಸ್ತುವೊಂದು ಪ್ರಪಂಚದಲ್ಲಿ ಇರಬಹುದು ಅನ್ನುವ ಕಲ್ಪನೆಯೇ ಅವಳಿಗಿಲ್ಲ. ರಿಟೈರಾದವರು ಕ್ರೂಸಿಗೆ ಹೋಗುತ್ತಾರೆ, ಇಲ್ಲವೇ ಮೊಣಕಾಲು ಬದಲಾಯಿಸಿಕೊಳ್ಳುತ್ತಾರೆ. ಇವಳು ನಮ್ಮ ಸನ್ನಿವೇಲಿಗೆ ಮುಕ್ಕಾಲು ಗಂಟೆ ದೂರದ ಡಬ್ಲಿನ್ನಿನಲ್ಲಿ ತನ್ನ ಗ್ಯಾರೇಜಿನಿಂದ ಕಾರನ್ನು ಆಚೆ ತಳ್ಳಿ, ಒಳಗೆ ಕಬ್ಬಿಣದ ದೊಡ್ಡ ಚಕ್ರವಿರುವ ಒಂದು ಪ್ರೆಸ್ಸು ತಂದಿಟ್ಟುಕೊಂಡಳು. ಲಿನೋಲಿಯಂ ಹಲಗೆಯ ಮೇಲೆ ಚಿತ್ರ ಕೆತ್ತುವುದು, ಅದಕ್ಕೆ ಇಂಕು ಬಳಿದು ಮೇಲೆ ಕಾಗದವಿಟ್ಟು ಚಕ್ರ ತಿರುಗಿಸುವುದು, ಇಷ್ಟೇ ಕೆಲಸ.

"ಅಲ್ವೇ, ಮಳೆ ಬಂದರೆ ಕಾರು ನೆನೆಯೋದಿಲ್ವೇನೆ?" ಅಂದೆ.

"ಕಾರು ನೆನೆದರೆ ಒಣಗುತ್ತೆ ಅತ್ತಿಗೆ. ನನ್ನ ಪೇಪರ್ ನೆನೆದರೆ?"

ಕಾರು ಇವತ್ತಿಗೂ ಆಚೆಯೇ!

ಮೊದಲ ಸಲ ಅವಳು ನನಗೆ ತೋರಿಸಿದ್ದು ಒಂದು ಬದನೆಕಾಯಿ. ನಿಜವಾಗಿಯೂ ಚೆನ್ನಾಗಿತ್ತು. ತೊಟ್ಟಿನ ಮುಳ್ಳು ಸಮೇತ ಹೊಳೆಯುತ್ತಿತ್ತು. ಆದರೆ ಅದರ ಕೆಳಗೆ ಪೆನ್ಸಿಲಿನಲ್ಲಿ 3/20 ಅಂತ ಬರೆದಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು. ಕಾಗದದ ಮೂಲೆಯಲ್ಲಿ ಗೆರೆ ಹಾಕಿ ಎರಡು ಅಂಕಿ ಕಂಡರೆ ಇವತ್ತಿಗೂ ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತೇನೆ. ಡ್ರಾಯಿಂಗ್ ಕ್ಲಾಸಿನ ಮುದುಕಿ ಸಿಸ್ಟರು "ನೀಟ್‌ನೆಸ್ ಗರ್ಲ್ಸ್, ನೀಟ್‌ನೆಸ್!" ಅನ್ನುತ್ತಾ ಬೆನ್ನ ಹಿಂದೆ ಬಂದು ನಿಂತ ಹಾಗಾಯಿತು. ಪಾಪ, ಈ ವಯಸ್ಸಿನಲ್ಲಿ ಕ್ಲಾಸಿಗೆ ಸೇರಿ, ಇಷ್ಟು ಕಷ್ಟಪಟ್ಟು ಬದನೆಕಾಯಿ ಬರೆದರೆ ಇಪ್ಪತ್ತಕ್ಕೆ ಮೂರೇ!

"ಬೇಜಾರು ಮಾಡ್ಕೋಬೇಡ ಕಣೇ" ಅಂದೆ ಅವಳ ಕೈ ಹಿಡಿದು. "ನಿಮ್ಮ ಮಿಸ್ಸು ತುಂಬಾ ಸ್ಟ್ರಿಕ್ಟು ಅಂತ ಕಾಣುತ್ತೆ. ನಾನಾಗಿದ್ದರೆ ಹದಿನೈದು ಕೊಡ್ತಿದ್ದೆ."

ಅವಳು ಎಷ್ಟು ನಕ್ಕಳೆಂದರೆ ಪ್ರೆಸ್ಸಿನ ಚಕ್ರ ಹಿಡಿದುಕೊಂಡು ಸುಧಾರಿಸಿಕೊಳ್ಳಬೇಕಾಯಿತು. ಆಮೇಲೆ ಪಾಠ ಶುರುವಾಯಿತು. ಒಂದೇ ಹಲಗೆಯಿಂದ ಇಪ್ಪತ್ತು ಪ್ರತಿ ತೆಗೆದಿದ್ದಾಳೆ, ಇದು ಮೂರನೆಯದು. ಇಪ್ಪತ್ತನೆಯದು ಬರೀ ಕೊನೆಯದು, ಫಸ್ಟ್ ಕ್ಲಾಸಲ್ಲ. ಒಂದನೆಯದು ಮೊದಲನೆಯದಷ್ಟೆ, ರ‍್ಯಾಂಕಲ್ಲ. ಎಲ್ಲವೂ ಒಂದೇ ಸಮ. ಒಂದರ ಮೇಲೆ ಎಲ್ಲೋ ಬೆರಳಿನ ಗುರುತು ಬಿದ್ದರೂ ಸಾಕು, ಅದಕ್ಕೆ ನಂಬರೇ ಇಲ್ಲ, ಪರಪರ ಹರಿದು ಕಸದ ಬುಟ್ಟಿಗೆ! ಅದಕ್ಕೇ ಅವಳು ಆಪರೇಷನ್ನಿಗೆ ಹೊರಟವರ ಹಾಗೆ ಗ್ಲೌಸು ಹಾಕಿಕೊಂಡೇ ಕಾಗದ ಮುಟ್ಟುವುದು.

ಗೊತ್ತಾಯಿತು ಅಂದುಕೊಂಡೆ. ಮುಂದಿನ ಸಲ ಒಂದು ತೆಂಗಿನಕಾಯಿಯ ಚಿತ್ರದ ಕೆಳಗೆ A/P ಅಂತಿತ್ತು.

"ಇದ್ಯಾವಾಗ ಹೋಗಿದ್ದೆ ಆಂಧ್ರಪ್ರದೇಶಕ್ಕೆ?"

"ಅತ್ತಿಗೆ! ಆರ್ಟಿಸ್ಟ್ಸ್ ಪ್ರೂಫ್! ಲೆಕ್ಕದ ಪ್ರತಿಗಳ ಹೊರಗೆ ಕಲಾವಿದ ತನಗೆ ಅಂತ ಇಟ್ಟುಕೊಳ್ಳೋದು."

ಅಂದರೆ ಮೈಸೂರುಪಾಕಿನಲ್ಲಿ ತಳ ಹತ್ತಿದ ಮೂಲೆಯ ತುಂಡಿನ ಪೇಪರಿನ ಮೇಲೂ A/P ಅಂತ ಇತ್ತಲ್ಲ, ಅದು ಅಡಿಗೆಯವಳ ಪಾಲು! ನಾನು ಆಂಧ್ರದ ರೆಸಿಪಿ ಇರಬೇಕು ಅಂದುಕೊಂಡು ಮೆಣಸಿನಕಾಯಿ ಹುಡುಕಿದ್ದೆ.

ಹೀಗೇ ನಗುನಗುತ್ತಾ ಇದ್ದೆವು. ಹೋದ ಚಳಿಗಾಲದಲ್ಲಿ ಅವಳು ಅಣ್ಣನ ಮಫ್ಲರು ಕೆತ್ತಲು ಕೂತಳು.

ನಮ್ಮವರ ಮಫ್ಲರಿನ ವಿಷಯ ಹೇಳಬೇಕು. ಮೈಸೂರಿನಿಂದ ತಂದದ್ದು. ಸನ್ನಿವೇಲಿನ ಸುಡು ಬಿಸಿಲಲ್ಲೂ ಅದು ಕುತ್ತಿಗೆಯಿಂದ ಇಳಿಯುತ್ತಿರಲಿಲ್ಲ. "ಈ ಊರಿನ ಹೆಸರನ್ನ ನಂಬಬೇಡ ಕಣೇ, ಸಂಜೆ ಹೊತ್ತಿಗೆ ಬೇ ನೀರಿನ ಕಡೆಯಿಂದ ಗಾಳಿ ಬರುತ್ತೆ" ಅನ್ನೋರು. ಸಂಜೆ ವಾಕಿಂಗಿಗೆ ನಾವಿಬ್ಬರೂ ಸ್ಟೇಷನ್ನಿನವರೆಗೆ ಹೋಗಿ, ಎಲ್ಲಿಗೂ ಹೋಗದೆ ಬೆಂಚಿನ ಮೇಲೆ ಕೂತು, ಒಂದು ರೈಲು ಬಂದು ಹೋಗುವುದನ್ನು ನೋಡಿಕೊಂಡು ವಾಪಸು ಬರುತ್ತಿದ್ದೆವು. ರೈಲು ಹೋದ ಮೇಲಿನ ಆ ಗಾಳಿಗೆ ಮಫ್ಲರಿನ ತುದಿ ಹಾರಿ ನನ್ನ ಕೆನ್ನೆಗೆ ತಾಕುತ್ತಿತ್ತು. ವಿಕ್ಸ್ ವಾಸನೆ. ಈಗಲೂ ಕೆಲವು ಸಂಜೆ ಬಾಲ್ಕನಿಯಲ್ಲಿ ಕೂತಾಗ ದೂರದಲ್ಲಿ ರೈಲು ಕೂಗಿದರೆ, ಕೈ ತಾನಾಗಿ ಕೆನ್ನೆಯ ಹತ್ತಿರ ಹೋಗುತ್ತದೆ. ಸಿಲ್ಲಿ ಓಲ್ಡ್ ವುಮನ್!

ಅವರು ಹೋದ ದಿನ ಅದನ್ನು ಅವರ ಕುತ್ತಿಗೆಗೇ ಸುತ್ತಿ ಕಳಿಸಿಕೊಟ್ಟೆ. ಚಳಿಯಾಗಬಾರದಲ್ಲ. ಹಾಗಾಗಿ ಈಗ ಆ ಮಫ್ಲರು ಎಲ್ಲೂ ಇಲ್ಲ. ಫೋಟೋಗಳಲ್ಲಿ ಇದೆ, ಆದರೆ ಒಂದರಲ್ಲಿ ಕೆಂಪು, ಒಂದರಲ್ಲಿ ಕಂದು, ಮೊಮ್ಮಗಳ ಫೋನಿನಲ್ಲಿ ಪಿಂಕು! ಅದರ ನಿಜವಾದ ಬಣ್ಣ ಗೊತ್ತಿರುವುದು ಅದನ್ನು ಒಗೆದವಳೊಬ್ಬಳಿಗೇ.

ಅದಕ್ಕೇ ನಾದಿನಿ ನನ್ನನ್ನು ಕರೆಸಿಕೊಂಡಳು. ಗ್ಯಾರೇಜಿನ ಸ್ಟೂಲಿನ ಮೇಲೆ ಕೂರಿಸಿ, ಗೋಡೆಯ ಮೊಳೆಗೆ ತೂಗುಬಿಟ್ಟ ಹಾಗೆ ಕೆತ್ತಿದ ಮಫ್ಲರಿನ ಚಿತ್ರವನ್ನು ಒಂದೊಂದಾಗಿ ಅಚ್ಚು ತೆಗೆದು ಮುಂದೆ ಹಿಡಿಯುವಳು. ಹೊಸ ಬಣ್ಣ ಕಲಸುವಳು, ಮತ್ತೆ ತೆಗೆಯುವಳು.

"ಇದು?"

"ಇದು ಕುಂಕುಮ ಆಯ್ತು."

"ಇದು?"

"ಇದು ಟೊಮೇಟೊ ಸೂಪು."

"ಅತ್ತಿಗೆ, ನೀವು ಸೀರೆ ಅಂಗಡೀಲಿ ಎಷ್ಟು ಜನರನ್ನ ಅಳಿಸಿದ್ದೀರೋ!"

ಮಧ್ಯಾಹ್ನದ ಹೊತ್ತಿಗೆ ಹನ್ನೊಂದನೆಯದೋ ಹನ್ನೆರಡನೆಯದೋ ಬಂತು. ಒಗೆದೂ ಒಗೆದೂ ಹಳೇ ಹೆಂಚಿನ ಹಾಗಾಗಿದ್ದ ಬಣ್ಣ. ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡೆ. ಹೊರಗೆ ಡಬ್ಲಿನ್ನಿನ ಗುಡ್ಡಗಳ ಮೇಲೆ ಮೋಡದ ನೆರಳು ಸರಿಯುತ್ತಿತ್ತು, ಅಷ್ಟು ನೆನಪಿದೆ. ಅವಳು "ಆಯ್ತು ಬಿಡಿ" ಅಂದು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮನೆಗೆ ಬಂದಾಗ ಮಗಳು "ಅಮ್ಮಾ, ಮೂಗಿನ ತುದೀಲಿ ಅದೇನು, ಇಟ್ಟಿಗೆ ಪುಡಿನಾ?" ಅಂತ ನಕ್ಕಳು.

ಅವತ್ತಿನಿಂದ ನಾನು ಕಾಯತೊಡಗಿದೆ. ಇಪ್ಪತ್ತು ಪ್ರತಿ ತೆಗೆಯುತ್ತಾಳೆ, ನನಗೊಂದು ಬರುತ್ತದೆ. ಬೆಡ್‌ರೂಮಿನ ಗೋಡೆಯಲ್ಲಿ ಜಾಗವನ್ನೂ ನೋಡಿಟ್ಟೆ. ಯಾವ ನಂಬರು ಬರಬಹುದು? ನಮ್ಮ ಮದುವೆಯ ತಾರೀಕು ಹದಿನಾಲ್ಕು, 14/20 ಬಂದರೆ ಚೆನ್ನ. ಬಾಯಿಬಿಟ್ಟು ಕೇಳಲಿಲ್ಲ. ಇಂಥದ್ದನ್ನು ಕೇಳಿ ಪಡೆಯುತ್ತಾರೆಯೇ?

ಎರಡು ತಿಂಗಳಾಯಿತು. ನಮ್ಮವರ ಹಳೆಯ ಸ್ನೇಹಿತರೊಬ್ಬರು ಡ್ಯಾನ್‌ವಿಲ್‌ನಿಂದ ಫೋನು ಮಾಡಿ "ಮಫ್ಲರು ಬಂತಮ್ಮಾ, ಆರನೇ ನಂಬರು, ಕಣ್ಣಲ್ಲಿ ನೀರು ಬಂತು" ಅಂದರು. ದೇವಸ್ಥಾನದ ಭಟ್ಟರಿಗೆ ಹನ್ನೊಂದು. ಅವಳ ಡೆಂಟಿಸ್ಟಿಗೆ ಹದಿನೇಳು. ಡೆಂಟಿಸ್ಟಿಗೆ!

ಕೊನೆಗೆ ಅವಳೇ ಊಟಕ್ಕೆ ಕರೆದಳು. ಹೋದರೆ, ಗ್ಯಾರೇಜಿನ ಗೋಡೆಯಲ್ಲಿ ಇಪ್ಪತ್ತು ಹೆಸರಿನ ಪಟ್ಟಿ. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಹದಿನಾಲ್ಕನೆಯದು ಟಪಾಲು ತರುವವನಿಗೆ ಹೋಗಿತ್ತು. ನನ್ನ ಹೆಸರು ಎಲ್ಲೂ ಇರಲಿಲ್ಲ. ನಾನು ತಿರುಗುವಷ್ಟರಲ್ಲಿ ಅವಳು ಉಳಿ ತೆಗೆದುಕೊಂಡು, ಆ ಮೂಲ ಹಲಗೆಯ ಮೇಲೆ, ಮಫ್ಲರಿನ ಮೇಲೇ, ಕರಕರನೆ ಎರಡು ಅಡ್ಡಗೆರೆ ಕೊರೆದುಬಿಟ್ಟಳು.

"ಅಯ್ಯೋ, ಏನು ಮಾಡಿದೆಯೇ!"

"ಕ್ಯಾನ್ಸಲ್ ಮಾಡಿದೆ ಅತ್ತಿಗೆ. ಎಡಿಷನ್ ಮುಗೀತಲ್ಲ. ಇನ್ನು ಯಾರೂ ಇದರಿಂದ ತೆಗೆಯೋ ಹಾಗಿಲ್ಲ."

ನನಗೆ ತಡೆಯಲಾಗಲಿಲ್ಲ. "ಡೆಂಟಿಸ್ಟಿಗೆ ಕೊಟ್ಟೆಯಲ್ಲೇ! ಅವನು ಇವರ ಹಲ್ಲಾದರೂ ನೋಡಿದ್ದನೇನೆ? ಐವತ್ತು ವರ್ಷ ಆ ಮಫ್ಲರು ಒಗೆದವಳು ನಾನು. ಐ ವಾಸ್ ಹಿಸ್ ವೈಫ್! ಇಪ್ಪತ್ತರಲ್ಲಿ ಒಂದು ನನಗೆ ಕೊಡಬಾರದಿತ್ತೇ?"

ಅವಳು ಉಳಿ ಹಿಡಿದುಕೊಂಡೇ ನನ್ನನ್ನು ನೋಡಿದಳು, ನಾನು ಆಂಧ್ರಪ್ರದೇಶ ಅಂದಾಗ ನೋಡಿದ ಹಾಗೇ. "ನಿಮಗ್ಯಾಕೆ ಅತ್ತಿಗೆ ನಂಬರು?" ಅಂದಳು.

ಚಪ್ಪಟೆ ಡ್ರಾಯರು ಎಳೆದು, ಟಿಶ್ಯೂ ಪೇಪರು ಬಿಡಿಸಿದಳು. ಹಳೇ ಹೆಂಚಿನ ಬಣ್ಣದ ಮಫ್ಲರು. ಕೆಳಗೆ ಅಂಕಿ ಇರಲಿಲ್ಲ. B.A.T. ಅಂತ ಮೂರು ಅಕ್ಷರ.

"ಬ್ಯಾಟಾ?"

"ಫ್ರೆಂಚು. ಬೋನ್ ಆ ತಿರೇ. 'ಇದು ಸರಿಯಾಗಿದೆ, ಇನ್ನು ತೆಗೀಬಹುದು' ಅಂತ. ಎಡಿಷನ್ನಿಗೆಲ್ಲ ಇಂಥದ್ದು ಒಂದೇ ಇರೋದು. ಇದನ್ನ ಎದುರಿಗಿಟ್ಟುಕೊಂಡು, ಇದರ ಹಾಗೆ ಬಂತಾ ಇಲ್ಲವಾ ಅಂತ ಹೋಲಿಸಿ ಹೋಲಿಸಿ ಆ ಇಪ್ಪತ್ತನ್ನೂ ತೆಗೆದೆ. ಕೆಲಸ ಮುಗಿಯೋವರೆಗೆ ನಿಮಗೆ ಕೊಡೋ ಹಾಗಿರಲಿಲ್ಲ."

"ನಾನು ಇದೇ ಸರಿ ಅಂತ ಹೇಳಲೇ ಇಲ್ಲವಲ್ಲೇ ಅವತ್ತು?"

"ಹೇಳಲಿಲ್ಲ" ಅಂದಳು. "ಮೂಸಿ ನೋಡಿದಿರಿ."

ಕಾಗದವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಮಫ್ಲರಿನ ತುದಿ, ಗಾಳಿಗೆ ಹಾರುತ್ತಿತ್ತಲ್ಲ ಆ ತುದಿಯ ಹತ್ತಿರ, ಹಸಿ ಇಂಕಿಗೆ ತಾಕಿ ಅಳಿಸಿದ ಒಂದು ಪುಟ್ಟ ದುಂಡು ಗುರುತು. ಒಂದು ಬೆರಳಿನ ಗುರುತಿಗೆ ಕಾಗದ ಹರಿದು ಹಾಕುವವಳು ಇದನ್ನು ಎರಡು ತಿಂಗಳು ಎದುರಿಗಿಟ್ಟುಕೊಂಡಿದ್ದಳು.

"ಇಪ್ಪತ್ತೂ ಇದರ ಹಾಗೇ ಬಂತು ಅತ್ತಿಗೆ" ಅಂದಳು. "ನಿಮ್ಮ ಮೂಗೊಂದು ಬರಲಿಲ್ಲ."