ಅಮ್ಮನ ಸೋಬಾನೆಯೂ ನಮ್ಮ ಹೊಸ ಕಾರೂ

ಹೊಸ ಕಾರು, ಹಳೇ ಹಾಡು ಒಂದೇ ಮನೆಗೆ ಬಂದರೆ ಅತ್ತೆ ಸೊಸೆ ಜಗಳ ತಪ್ಪಿದ್ದಲ್ಲ. ನಮ್ಮನೇಲಿ ಮೂರು ತಿಂಗಳಿಂದ ಅದೇ ನಡೀತಿದೆ.

೧. ಕ್ಯಾಸೆಟ್ ಎಲ್ಲಿ ತೂರಿಸೋದು

ಚಿಕ್ಕಬಳ್ಳಾಪುರದ ಶೋರೂಮಿಗೆ ಒಂದು ಕ್ಯಾಸೆಟ್ ಹಿಡಿದುಕೊಂಡೇ ಹೋಗಿದ್ದೆ. ಅದರಲ್ಲಿದ್ದದ್ದು ತೀರಿಕೊಂಡ ನಮ್ಮಮ್ಮನ ದನಿ. ನನ್ನ ತಂಗಿ ಮದುವೇಲಿ ಅಮ್ಮ, ಚಿಕ್ಕಮ್ಮ ಸೇರಿ ಹೇಳಿದ ಸೋಬಾನೆ ಪದ. ಈಗ ಆ ತಂಗಿಯ ಮಗಳಿಗೇ ಮದುವೆ. ಚಿಕ್ಕಮ್ಮ ಮಾತ್ರ, "ಅಕ್ಕ ಮೊದಲ ಸಾಲು ಎತ್ತಿಕೊಡದೆ ನಾನು ಬಾಯಿ ಬಿಡಲ್ಲ ಕಣಪ್ಪ" ಅಂತ ಕೂತುಬಿಟ್ಟಿದ್ದಳು. ಸೋಬಾನೆ ಇಲ್ಲದ ಮದುವೆ ನಮ್ಮನೇಲಿ ಆಗಿದ್ದೇ ಇಲ್ಲ. ಕಾರಲ್ಲಿ ಅಮ್ಮನ ದನಿ ಕೇಳಿಸಿದರೆ ಚಿಕ್ಕಮ್ಮ ಬಾಯಿ ಬಿಟ್ಟಾಳು ಅನ್ನೋದು ನನ್ನ ಲೆಕ್ಕ.

ಶೋರೂಮಿನವರು ಕ್ಯಾಸೆಟ್ಟನ್ನ ತಿರುಗಿಸಿ ಮುರುಗಿಸಿ ನೋಡಿ, ಈಗೆಲ್ಲ ಪೆನ್‌ಡ್ರೈವ್ ಸಾರ್ ಅಂದರು. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ, ಇಷ್ಟು ದುಡ್ಡು ಸುರಿದು ಕ್ಯಾಸೆಟ್ ತೂತೂ ಇಲ್ಲದ್ದನ್ನ ತಂದ್ರಾ ಅಂದಳು.

೨. ಅರಿಶಿನ

ಕ್ಯಾಸೆಟ್ಟಿಂದ ಪೆನ್‌ಡ್ರೈವಿಗೆ ಹಾಕಿಸಿದ್ದೂ ಆಯ್ತು. ಕಾರು ಹಾಡಿನ ಉಸಿರೇ ಎತ್ತಲಿಲ್ಲ. ಸರ್ವಿಸ್‌ಗೆ ಒಯ್ದೆ. ಮೆಕ್ಯಾನಿಕ್ ಟಾರ್ಚ್ ಬಿಟ್ಟು, ಪೆನ್‌ಡ್ರೈವ್ ಸಿಕ್ಕಿಸೋ ಜಾಗದಿಂದ ಹಳದಿ ಪುಡಿ ಕೆರೆದು ತೆಗೆದ. ವಾಹನ ಪೂಜೆ ದಿನ ನನ್ನ ಹೆಂಡತಿ ಸ್ಟೇರಿಂಗು, ಗೇರು ಮುಗಿಸಿ ಅದಕ್ಕೂ ಭಕ್ತಿಯಿಂದ ಅರಿಶಿನ ಕುಂಕುಮ ಇಟ್ಟಿದ್ದಳು. ಇನ್ನೂ ವಾರಂಟಿ ಇದೆಯಲ್ಲ ಅಂದೆ.

"ವಾರಂಟಿಯಲ್ಲಿ ಅರಿಶಿನ ಬರಲ್ಲ ಸಾರ್" ಅಂದ.

೩. ಮೈಕ್ ಟೆಸ್ಟಿಂಗ್

ಈ ಕಾರಿಗೆ ಇನ್ನೊಂದು ಚಾಳಿ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೊದಲನೇದರಿಂದಲೇ ಶುರು. ಮೊದಲನೇದು ಯಾವುದು ಅಂತೀರಾ? ತಂಗಿ ಮದುವೇಲಿ ಪದ ರೆಕಾರ್ಡ್ ಮಾಡೋ ಮುಂಚೆ ನಾನೇ ಕೂಗಿದ್ದ "ಹಲೋ, ಹಲೋ, ಮೈಕ್ ಟೆಸ್ಟಿಂಗ್." ಪೆಟ್ರೋಲ್ ಬಂಕಲ್ಲಿ, ರೈಲ್ವೆ ಗೇಟಲ್ಲಿ, ಬೀದಿ ತುದೀಲಿ ಅದೇ ಕೂಗು. ಒಂದು ವಾರ ಕೇಳಿಸಿಕೊಂಡ ಪಕ್ಕದ ಮನೆಯವರು, ಯಾವ ಪಾರ್ಟಿಯಿಂದ ನಿಂತಿದ್ದೀರಿ ಸಾರ್ ಅಂತ ಕೇಳಿದರು.

೪. ಮೂರನೆಯವಳು

ನನ್ನ ಕೂಗು ಅಳಿಸಿ ಅಮ್ಮನ ಪದವನ್ನೇ ಮೊದಲಿಗೆ ಹಾಕಿಸಿದೆ. ಮದುವೆ ದಿನ ಶಿಡ್ಲಘಟ್ಟದಲ್ಲಿ ಚಿಕ್ಕಮ್ಮನ್ನ ಹತ್ತಿಸಿಕೊಂಡು ಮದುವೆ ಚಪ್ಪರ ಹಾಕಿದ್ದ ಅಂಬಾಜಿದುರ್ಗದ ಕಡೆ ಹೊರಟೆ. ಅಮ್ಮನ ದನಿ ಬಂದದ್ದೇ ಚಿಕ್ಕಮ್ಮ ಸೆರಗು ಕಣ್ಣಿಗೊತ್ತಿಕೊಂಡಳು. ಅಷ್ಟರಲ್ಲಿ ಫೋನಿನ ದಾರಿ ತೋರಿಸೋ ಹೆಂಗಸು, ಮುಂದೆ ಎಡಕ್ಕೆ ತಿರುಗಿ ಅಂದಳು. ಅವಳು ಮಾತಾಡಿದರೆ ಅಮ್ಮನ ದನಿ ತಾನಾಗೇ ಇಳಿದುಹೋಗುತ್ತೆ. ಇದು ಎರಡು ಸಲ ಆಯ್ತು.

"ಯಾರೋ ಇವಳು, ಅಕ್ಕ ಎತ್ತಿಕೊಡೋವಾಗ ಬಾಯಿ ಹಾಕೋಳು?"

ಮೂರನೇ ಸಲ ಚಿಕ್ಕಮ್ಮನಿಗೆ ರೇಗಿಹೋಯಿತು. ಪದ ಕಡೀಬಾರದು ಅಂತ ತಾನೇ ಗಂಟಲೆತ್ತಿ ಆ ಸಾಲು ಹೇಳಿಬಿಟ್ಟಳು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ನಾನು ಬೇಕಂತಲೇ ಎರಡು ತಿರುವು ತಪ್ಪಿಸಿದೆ. ಆ ಹೆಂಗಸು ಮಾತಾಡಿದಷ್ಟೂ ಚಿಕ್ಕಮ್ಮ ಹಾಡಿದಳು.

ಚಪ್ಪರದ ಮುಂದೆ ಕಾರು ನಿಲ್ಲಿಸಿ ನಾಲ್ಕೂ ಬಾಗಿಲು ತೆಗೆದೆ. ಕಾರೊಳಗಿಂದ ಅಮ್ಮ ಎತ್ತಿಕೊಟ್ಟಳು, ಹೊರಗೆ ಚಿಕ್ಕಮ್ಮ ಸೊಲ್ಲು ಹಿಡಿದಳು. ಪದ ಮುಗಿದ ಮೇಲೆ ತಂಗಿ ತಾಂಬೂಲ ತಂದುಕೊಟ್ಟಳು. ಚಿಕ್ಕಮ್ಮ ತನ್ನದನ್ನ ಮಡಿಲಿಗೆ ಹಾಕಿಕೊಂಡು ಕಾರಿನ ಕಡೆ ಕೈ ತೋರಿಸಿದಳು.

"ಆ ತಿರುಗಿ ತಿರುಗಿ ಅನ್ನೋಳಿಗೂ ಒಂದು ಕೊಡಮ್ಮ. ಪಾಪ, ರಾಗ ಬರದೇ ಇದ್ರೂ ಶಿಡ್ಲಘಟ್ಟದಿಂದ ನಮ್ಮ ಜೊತೆ ಹೇಳ್ಕೊಂಡು ಬಂದವಳೆ."