ಮಾವನ ಹಲ್ಲಿನ ಎರಡನೇ ಭಾಗ

ಕೊಟ್ಟ ಮಾತಿಗೆ ತಪ್ಪುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಭೂಲೋಕದವರೇ ಆಗಿರಲಿ, ಬಾಹ್ಯಾಕಾಶದವರೇ ಆಗಿರಲಿ, ಬಿಡುವ ಮಾತೇ ಇಲ್ಲ. ಆದ್ದರಿಂದ, ಆ ಸಿನಿಮಾದ ಎರಡನೇ ಭಾಗ ಮೂರನೇ ಸಲ ಮುಂದಕ್ಕೆ ಹೋದ ಸುದ್ದಿ ಬಂದ ದಿನ, ಊಟದ ಮೇಜನ್ನು ಗುದ್ದಿ ಭೀಷಣ ಪ್ರತಿಜ್ಞೆ ಮಾಡಿದೆ.

"ಆ ನಿರ್ದೇಶಕನಿಗೆ ಪಾಠ ಕಲಿಸದೆ ನಾನು ಸುಮ್ಮನಿರೋನಲ್ಲ!"

ಗುದ್ದಿದ ಏಟಿಗೆ ನೀರಿನ ಲೋಟ ಉರುಳಿತು.

"ಮೊದಲು ಮೇಜು ಒರೆಸಿ," ಎಂದಳು ಹೆಂಡತಿ. "ಪಾಠ ಆಮೇಲೆ ಕಲಿಸೋರಂತೆ."

ಸಿನಿಮಾ ನೋಡದ ಪುಣ್ಯವಂತರಿಗೆ ವಿಷಯ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಬಂದ ಮೊದಲ ಭಾಗದ ಕೊನೆಯಲ್ಲಿ ನಾಯಕ, ಮುರಿದ ಆಕಾಶನೌಕೆಯ ಬಾಗಿಲಿಗೆ ಒಂದೇ ಕೈಯಲ್ಲಿ ಜೋತುಬಿದ್ದಿರುತ್ತಾನೆ. ಕೆಳಗೆ ಬಾಯ್ತೆರೆದ ಕಪ್ಪುಕುಳಿ. ಮೇಲೆ ಬೆಳ್ಳಿದವಡೆಯ ಅನ್ಯಗ್ರಹದವರು. ನಾಯಕನ ಬೆರಳು ಒಂದೊಂದಾಗಿ ಜಾರುತ್ತದೆ. ಅಷ್ಟರಲ್ಲಿ ತೆರೆ ಕಪ್ಪಾಗಿ 'ಮುಂದುವರಿಯುವುದು' ಎಂಬ ಅಕ್ಷರ ಬೀಳುತ್ತದೆ. ಆವತ್ತಿನಿಂದ ಆ ಮಹಾರಾಯ ಜೋತಾಡುತ್ತಲೇ ಇದ್ದಾನೆ. ಮೊದಲ ವರ್ಷ ಗ್ರಾಫಿಕ್ಸ್ ಸರಿಬಂದಿಲ್ಲ ಎಂದರು. ಎರಡನೇ ವರ್ಷ ಗ್ರಾಫಿಕ್ಸ್ ವಿಪರೀತ ಸರಿಬಂದು ನಾಯಕನೇ ಸಪ್ಪೆಯಾಗಿ ಕಾಣುತ್ತಾನೆ ಎಂದರು. ಈಗ ನಿರ್ದೇಶಕನಿಗೆ ಮನಶ್ಶಾಂತಿ ಬೇಕಂತೆ. ನಮ್ಮ ಮನಶ್ಶಾಂತಿಯನ್ನು ಕೇಳುವವರು ಯಾರು?

ನಾನು ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಮನೆಯ ಮುಂಭಾಗದಲ್ಲೇ ಕ್ಲಿನಿಕ್ಕು. ಮರುದಿನವೇ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ 'ಕಾದವರ ಸಂಘ' ಉದ್ಘಾಟನೆಯಾಯಿತು. ಕಾಯುವವರಿಗೆ ಅದಕ್ಕಿಂತ ಪ್ರಶಸ್ತವಾದ ಜಾಗ ಇನ್ನೆಲ್ಲಿದೆ? ನಾನು ಅಧ್ಯಕ್ಷ. ಪಕ್ಕದ ಕನ್ನಡಕದಂಗಡಿಯವನು ಕಾರ್ಯದರ್ಶಿ. ಮಿಕ್ಕವರು ಸದಸ್ಯರು. ನಿರ್ದೇಶಕನಿಗೆ ವಾರಕ್ಕೊಂದು ಬಹಿರಂಗ ಪತ್ರ ಬರೆದು ಇಂಟರ್‌ನೆಟ್ಟಿಗೆ ಹಾಕುವುದೆಂದು ತೀರ್ಮಾನವಾಯಿತು. ಮೊದಲ ಪತ್ರವನ್ನು ನಾನೇ ಎದ್ದುನಿಂತು ಓದಿದೆ.

"ಸ್ವಾಮೀ, ನೀವು ಜೋತುಹಾಕಿರುವುದು ಒಬ್ಬ ನಾಯಕನನ್ನಲ್ಲ, ನಮ್ಮ ನಂಬಿಕೆಯನ್ನು! ಅರ್ಧ ಕೆಲಸ ಮಾಡಿ ಕೈತೊಳೆದುಕೊಳ್ಳುವವನಿಗೆ ಅರ್ಧ ಊಟ ಹಾಕಬೇಕು!"

ಕನ್ನಡಕದಂಗಡಿಯವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಚಪ್ಪಾಳೆ ನಿಂತ ಮೇಲೂ ಒಂದು ಚಪ್ಪಾಳೆ ಮುಂದುವರಿಯಿತು. ತಿರುಗಿ ನೋಡಿದರೆ ಒಳಬಾಗಿಲಲ್ಲಿ, ನಮ್ಮ ಜೊತೆಗೇ ಇರುವ ಮಾವ, ಹೆಂಡತಿಯ ಅಪ್ಪ.

"ಬಹಳ ಚೆನ್ನಾಗಿ ಬರೆದಿದೀರಿ ಅಳಿಯಂದ್ರೇ," ಎಂದರು. "ನಂದೂ ಒಂದು ಸಹಿ ಹಾಕ್ಲಾ?"

ಹಾಗೆಂದರು ಎಂದು ನಾನು ಊಹಿಸಿಕೊಂಡೆ. ಕೆಳಗೆ ಹಲ್ಲಿಲ್ಲದ ಬಾಯಿಂದ ಬಂದದ್ದು ಅರ್ಧ ಮಾತು, ಅರ್ಧ ಗಾಳಿ.

ಇಲ್ಲಿ ಒಂದು ಸಣ್ಣ ವಿಷಯವಿದೆ. ಹೇಳದೆ ವಿಧಿಯಿಲ್ಲ. ಆ ಸಿನಿಮಾದ ಮೊದಲ ಭಾಗ ಬಂದ ತಿಂಗಳಲ್ಲೇ ನಾನು ಮಾವನ ಹಲ್ಲುಗಳನ್ನೆಲ್ಲ ಕಿತ್ತು, ಮೇಲಿನ ಸೆಟ್ಟು ಮಾಡಿಕೊಟ್ಟಿದ್ದೆ. ಅದ್ಭುತವಾದ ಸೆಟ್ಟು, ನೋಡಿದವರೆಲ್ಲ ಹೊಗಳಿದರು. ಕೆಳಗಿನದು ಮಾತ್ರ ಸ್ವಲ್ಪ ತಡವಾಯಿತು. ಮೊದಲು ಒಸಡು ಮಾಗಲಿ ಎಂದೆ. ಒಸಡು ಮಾಗಿತು. ಅಚ್ಚು ಸರಿಬಂದಿಲ್ಲ ಎಂದೆ. ಅಚ್ಚು ಸರಿಬಂತು. ಲ್ಯಾಬಿನಲ್ಲಿ ಕೆಲಸ ನಿಂತಿದೆ ಎಂದೆ. ಲ್ಯಾಬು ಎಂದರೆ ನಮ್ಮ ಹಿಂದಿನ ಕೋಣೆ, ಅಲ್ಲಿ ಕೆಲಸ ಮಾಡುವವನು ನಾನೇ. ನಿಜ ಹೇಳಬೇಕೆಂದರೆ ಫೀಸು ಕೊಡುವ ಬಾಯಿಗಳ ಮುಂದೆ ಮನೆಯ ಬಾಯಿ ಹಿಂದೆ ಬಿತ್ತು. ಮಾವ ಎಲ್ಲಿಗೆ ಹೋಗುತ್ತಾರೆ? ಬೇರೆ ಡಾಕ್ಟರ ಹತ್ತಿರ ಹೋದರೆ ಮರ್ಯಾದೆ ಯಾರದು ಹೋಗುತ್ತದೆಂದು ಅವರಿಗೂ ಗೊತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹಿತ್ತಲ ಬಾಯಿಗೆ ಮದ್ದೇ ಇರಲಿಲ್ಲ.

ಆ ಸಂಜೆ ಹೆಂಡತಿ ಕೊಟ್ಟ ಚಹಾ ಬೆಳ್ಳಗಿತ್ತು.

"ಏನೇ ಇದು? ಬರೀ ಹಾಲು, ಸಕ್ಕರೆ!"

"ಇದು ಮೊದಲನೇ ಭಾಗ ರೀ. ಪುಡಿ ಎರಡನೇ ಭಾಗದಲ್ಲಿ ಬರುತ್ತೆ. ಅರ್ಧ ಕೆಲಸ ಮಾಡೋರಿಗೆ ಅರ್ಧ ಊಟ ಅಂತ ನೀವೇ ತಾನೇ ಬರೆದಿದ್ದು? ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ."

ಹಲ್ಲಿನ ಡಾಕ್ಟರಿಗೆ ಹಲ್ಲಿಯ ಗಾದೆ! ಸಿಟ್ಟು ಬಂತು. ಆದರೂ ಹಾಲು ಕುಡಿದೆ.

ಇಷ್ಟರಲ್ಲಿ ಮಾವನಿಗೆ ಒಂದು ಕರೆ ಬಂತು. ಮಾವ ರೈಲ್ವೆ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಇಡೀ ನೌಕರಿ ಮುಗಿಸಿದವರು. ಯಾವ ಗಾಡಿ ಎಷ್ಟು ತಡ, ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಅವರು ಹೇಳುತ್ತಿದ್ದರೆ, ಗಾಡಿ ತಪ್ಪಿಸಿಕೊಂಡವನಿಗೂ ಸಮಾಧಾನವಾಗುತ್ತಿತ್ತಂತೆ. ಅವರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಯಂತ್ರದ ದನಿ ಬಂತು. ಈಗ ನಿಲ್ದಾಣದ ಹೊಸ ಕಟ್ಟಡದ ಉದ್ಘಾಟನೆಯಿದೆ, ಮೊದಲ ಘೋಷಣೆಯನ್ನು ತಾವೇ ಬಂದು ಮಾಡಬೇಕು ಎಂದು ನಿಲ್ದಾಣದ ಅಧಿಕಾರಿ ಕೇಳಿಕೊಂಡಿದ್ದರು.

ಮಾವ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಶುರುಮಾಡಿದರು. 'ಸ' ಎಂದರೆ 'ಶ' ಆಗುತ್ತಿತ್ತು. 'ತ' ನಾಲಿಗೆಯಿಂದ ಜಾರಿ ಕಳೆದೇಹೋಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದವರು ನನ್ನ ಮುಖ ನೋಡದೆ ಹೇಳಿದರು.

"ಅಳಿಯಂದ್ರೇ, ಇಷ್ಟು ದಿನ ಕೇಳ್ಲಿಲ್ಲ. ಮೆತ್ತಗಿನದು ತಿಂದ್ಕೊಂಡು ಇದ್ಬಿಟ್ಟೆ. ಇದೊಂದು ಸಲ, ಆ ಮೈಕಿನ ಮುಂದೆ ಮಾತ್ರ, ಜನ ನಗಬಾರದು."

ನನಗೆ ನಾಚಿಕೆಯಾಯಿತು. ಸುಳ್ಳಲ್ಲ.

"ಹಿಂದಿನ ದಿನವೇ ನಿಮ್ಮ ಕೈಯಲ್ಲಿರುತ್ತೆ ಮಾವ," ಎಂದು ಮಾತು ಕೊಟ್ಟೆ.

ಅದೇ ವಾರ ಸಿನಿಮಾದವರೂ ಮಾತು ಕೊಟ್ಟರು. ಎರಡನೇ ಭಾಗ ಖಂಡಿತ ಬರುತ್ತದೆ ಎಂದು ದಿನಾಂಕ ಸಾರಿದರು. ಮಾವನ ಘೋಷಣೆಯ ದಿನವೇ! ಸಂಘದಲ್ಲಿ ಹಬ್ಬ. ಮೊದಲ ಶೋಗೆ ಎಲ್ಲರೂ ಬೆಳ್ಳಿದವಡೆಯವರ ಹಾಗೆ ಕೋರೆಹಲ್ಲು ಹಾಕಿಕೊಂಡು ಹೋಗುವುದು ಎಂದು ಯಾರೋ ಹೇಳಿದರು. ಹಲ್ಲು ಮಾಡುವ ಅಧ್ಯಕ್ಷ ಇರುವಾಗ ಯಾಕಾಗಬಾರದು? ಕೂತೆ ನೋಡಿ ಕೆಲಸಕ್ಕೆ. ಬಂದ ರೋಗಿಗಳನ್ನೆಲ್ಲ ಮುಂದಿನ ವಾರ ಬನ್ನಿ ಎಂದು ಕಳಿಸಿದೆ. ಸಂಘದ ಒಬ್ಬೊಬ್ಬರ ಬಾಯಿ ಅಳೆದು, ಹಲ್ಲಿನ ಮೇಲೆ ಸಿಕ್ಕಿಸಿಕೊಳ್ಳುವ ದವಡೆಗಳನ್ನು ಮಾಡಿ, ಬೆಳ್ಳಿ ಬಣ್ಣ ಬಳಿದು ಸಾಲಾಗಿ ಒಣಗಿಸಿದೆ. ನನ್ನ ಜೀವಮಾನದಲ್ಲಿ ಯಾವ ಕೆಲಸವೂ ಇಷ್ಟು ಬೇಗ ಮುಗಿದಿರಲಿಲ್ಲ.

ಹೆಂಡತಿ ಹಿಂದಿನ ಕೋಣೆಗೆ ಬಂದವಳು ಆ ಸಾಲನ್ನು ನೋಡಿದಳು. ಆಮೇಲೆ ಹಲ್ಲಿನ ಸೆಟ್ಟು ಮಾಡುವ ಪುಡಿಯ ಖಾಲಿ ಡಬ್ಬಿಯನ್ನು ನೋಡಿದಳು.

"ಅಪ್ಪನ ಸೆಟ್ಟಿಗೆ ಅಂತ ತರಿಸಿದ ಪುಡಿ ಎಲ್ಲಿ?"

"ಅದು... ಸ್ವಲ್ಪ ಖರ್ಚಾಯ್ತು."

"ಇಲ್ಲದಿರೋ ಲೋಕದವರಿಗೆ ಹಲ್ಲು ಕೊಟ್ರಿ. ಮನೇಲಿರೋರಿಗೆ ಕೊಡಕ್ಕಾಗ್ಲಿಲ್ಲ." ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನೋಡಿ, ನಾಳಿದ್ದು ನೀವೂ ನಿಲ್ದಾಣಕ್ಕೆ ಬರ್ತೀರಿ. ಸಿನಿಮಾ ನಾಲ್ಕು ವರ್ಷ ಕಾಯಿಸಿದೆ. ಇನ್ನೊಂದು ಶೋವರೆಗೆ ಅದೂ ನಿಮಗೆ ಕಾಯಲಿ."

ಮುಖಕ್ಕೆ ಮಂಗಳಾರತಿಯಾಯಿತು. ಹೊಸ ಪುಡಿ ತಂದೆ, ಊಟ ಬಿಟ್ಟು ಕೂತೆ. ಹಿಂದಿನ ದಿನ ಸಂಜೆ ಮಾವನಿಗೆ ಹಾಕಿ ನೋಡಿದರೆ ಕೆಳಗಿನ ಸೆಟ್ಟು ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತು! ಮಾವ "ಸಮಯ" ಎಂದರು. "ಸಂತೋಷ" ಎಂದರು. ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಬೆಳಗಿನವರೆಗೆ ನೀರಲ್ಲಿ ನೆನೆಯಲಿ ಎಂದು ಸೆಟ್ಟನ್ನು ನೀಲಿ ಡಬ್ಬಿಗೆ ಹಾಕಿ ಕ್ಲಿನಿಕ್ಕಿನ ಮೇಜಿನ ಮೇಲಿಟ್ಟೆ.

ಅದರ ಪಕ್ಕದಲ್ಲೇ ಇನ್ನೊಂದು ನೀಲಿ ಡಬ್ಬಿ ಇತ್ತು. ಕನ್ನಡಕದಂಗಡಿಯವನ ಬೆಳ್ಳಿದವಡೆ. ಅವನು ಬೆಳಿಗ್ಗೆ ಬಂದು ಬಾಗಿಲು ಬಡಿದಾಗ ನಾನು ಹಲ್ಲುಜ್ಜುತ್ತಿದ್ದೆ.

"ಮೇಜಿನ ಮೇಲಿದೆ, ತಗೊಂಡ್ಹೋಗು!" ಎಂದು ನೊರೆಯ ಬಾಯಲ್ಲೇ ಕೂಗಿದೆ.

ಮುಂದಿನದನ್ನು ನೀವು ಊಹಿಸಿದ್ದೀರಿ. ನಾವು ಊಹಿಸಲಿಲ್ಲ.

ನಿಲ್ದಾಣದಲ್ಲಿ ಹೂವು, ಕುರ್ಚಿ, ದೊಡ್ಡವರು, ಮಾವನ ಹಳೆಯ ಜೊತೆಗಾರರು. ಮಾವ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಮೈಕಿನ ಕೋಣೆಯ ಮೂಲೆಗೆ ತಿರುಗಿ ಡಬ್ಬಿ ತೆರೆದರು. ಒಳಗಿಂದ ಬೆಳ್ಳಿಯ ಕೋರೆಗಳು ಅವರನ್ನೇ ನೋಡಿ ನಕ್ಕವು. ಮಾವ ಡಬ್ಬಿಯನ್ನು ಮೆಲ್ಲಗೆ ಮಗಳ ಕೈಗೆ ಕೊಟ್ಟು ಕುರ್ಚಿಯ ಮೇಲೆ ಕುಳಿತರು. ಮಗಳು ನನ್ನ ಕಡೆ ತಿರುಗುವಷ್ಟರಲ್ಲಿ ನಾನು ಬಾಗಿಲಲ್ಲಿದ್ದೆ.

"ಈಗ ಹೋದೆ, ಈಗ ಬಂದೆ!"

ಚಿತ್ರಮಂದಿರ ನಿಲ್ದಾಣದ ಹಿಂದಿನ ಬೀದಿಯಲ್ಲೇ. ಓಡುತ್ತಲೇ ಕನ್ನಡಕದಂಗಡಿಯವನಿಗೆ ಫೋನು ಮಾಡಿದೆ. ಆಫ್! ಸಿನಿಮಾ ಮುಗಿಯುವವರೆಗೆ ಸಂಘದ ಯಾವ ಸದಸ್ಯನೂ ಫೋನು ತೆರೆಯಕೂಡದೆಂಬ ನಿಯಮವನ್ನು ಬರೆದ ಮಹಾನುಭಾವ ನಾನೇ. ಪುಣ್ಯಕ್ಕೆ ನನ್ನ ಟಿಕೆಟ್ಟು ಜೇಬಿನಲ್ಲೇ ಇತ್ತು. ಕತ್ತಲಲ್ಲಿ ಕಾಲುಗಳನ್ನು ತುಳಿಯುತ್ತ, ಬೈಸಿಕೊಳ್ಳುತ್ತ, ಬೆಳ್ಳಿ ಮಿಂಚುವ ಬಾಯಿಗಳ ಸಾಲಿಗೆ ಹೋದೆ. ಕೊನೆಯ ಕುರ್ಚಿಯಲ್ಲಿ ಒಂದು ಬಾಯಿ ಮಾತ್ರ ಮಿಂಚುತ್ತಿರಲಿಲ್ಲ.

"ಅಧ್ಯಕ್ಷರೇ, ಏನ್ರೀ ಇದು, ನನಗೊಬ್ಬನಿಗೆ ಮನುಷ್ಯರ ಹಲ್ಲು?" ಎಂದು ಅವನು ಜೇಬಿನಿಂದ ನೀಲಿ ಡಬ್ಬಿ ತೆಗೆದ.

ಕಿತ್ತುಕೊಂಡೆ. ಆಗಲೇ ತಿರುಗಿ ಓಡಬೇಕಿತ್ತು. ಆದರೆ ತೆರೆಯ ಮೇಲೆ ಅದೇ ಬಾಗಿಲು, ಅದೇ ಕೈ, ಅದೇ ಬೆರಳು! ನಾಲ್ಕು ವರ್ಷ ಕಾದ ಕ್ಷಣ. ಬೀಳುತ್ತಾನೋ ಇಲ್ಲವೋ ಅದೊಂದನ್ನು ನೋಡಿಕೊಂಡು ಹೋದರಾಯಿತು, ಒಂದೇ ನಿಮಿಷ ಎಂದುಕೊಂಡು ಕುರ್ಚಿಯ ಅಂಚಿಗೆ ಕುಳಿತೆ. ಆ ದರಿದ್ರದವನಿಗೆ ಅದೇ ಹೊತ್ತಿಗೆ ಬಾಲ್ಯ ನೆನಪಾಗಬೇಕೇ? ಕೈ ಜಾರುತ್ತಿರುವಾಗ ಅಜ್ಜ ಗಾಳಿಪಟ ಹಾರಿಸುವುದನ್ನು ಕಲಿಸಿದ್ದು ನೆನಪಾಯಿತು. ಆಮೇಲೆ ಶಾಲೆ. ಆಮೇಲೆ ಮೊದಲ ಪ್ರೇಮ. ನನ್ನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಈಗ ಬೀಳುತ್ತಾನೆ, ಇನ್ನೇನು ಬಿದ್ದ ಎನ್ನುವಾಗ ಎರಡನೇ ಪ್ರೇಮ ಬಂತು. ಫೋನು ಮತ್ತೆ ಗುಂಯ್‌ಗುಟ್ಟಿತು. ಮೂರನೇ ಸಲ ಗುಂಯ್‌ಗುಟ್ಟಿದಾಗ ನನಗೆ ನನ್ನ ಮೇಲೇ ಹೇಸಿಗೆಯಾಗಿ ಎದ್ದು ಓಡಿದೆ. ಅವನಿನ್ನೂ ಜೋತಾಡುತ್ತಲೇ ಇದ್ದ.

ನಿಲ್ದಾಣದ ಮೆಟ್ಟಿಲಿಗೆ ಬರುವಷ್ಟರಲ್ಲಿ ಎಲ್ಲ ಧ್ವನಿವರ್ಧಕಗಳೂ ಒಟ್ಟಿಗೆ ಮಾತಾಡಿದವು. 'ಸ' ಎಲ್ಲ 'ಶ' ಆಗಿತ್ತು. ಆದರೂ ದನಿ ಮಾತ್ರ ಗಾಂಭೀರ್ಯ ಬಿಟ್ಟಿರಲಿಲ್ಲ.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ಹಲ್ಲಿನ ಡಾಕ್ಟರರಾದ ನನ್ನ ಅಳಿಯಂದಿರ ಕ್ಲಿನಿಕ್ಕಿನಿಂದ ಬರಬೇಕಾಗಿದ್ದ ನನ್ನ ಕೆಳಗಿನ ಹಲ್ಲುಗಳು ನಾಲ್ಕು ವರ್ಷ ತಡವಾಗಿ ಹೊರಟು, ಈಗ ಚಿತ್ರಮಂದಿರದ ಬಳಿ ನಿಂತಿವೆ. ಅಲ್ಲಿಯವರೆಗೆ ಇದ್ದಷ್ಟರಲ್ಲೇ ಘೋಷಣೆ ನಡೆಯುತ್ತದೆ. ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ನಿಲ್ದಾಣಕ್ಕೆ ನಿಲ್ದಾಣವೇ ನಕ್ಕಿತು. ಪೆಟ್ಟಿಗೆ ಹೊತ್ತವರು ಪೆಟ್ಟಿಗೆ ಇಳಿಸಿ ಚಪ್ಪಾಳೆ ತಟ್ಟಿದರು. ಜನ ನಗಬಾರದು ಎಂದಿದ್ದ ಮನುಷ್ಯ, ಜನ ತಮ್ಮನ್ನು ನೋಡಿ ನಗುವ ಮೊದಲೇ ನನ್ನನ್ನು ನೋಡಿ ನಗುವ ಹಾಗೆ ಮಾಡಿದ್ದರು. ಆ ನಗುವಿನ ನಡುವೆ ಡಬ್ಬಿ ಎತ್ತಿ ಹಿಡಿದುಕೊಂಡು ನಡೆದು ಹೋದವನು ನಾನು. ದಾರಿಯಲ್ಲಿ ಯಾರೋ ಅಜ್ಜಿ "ಇವನೇ ಕಣೇ ಅಳಿಯ" ಎಂದು ಬೆರಳು ತೋರಿಸಿದರು. ಮಾವ ಸೆಟ್ಟನ್ನು ನಲ್ಲಿಯ ಕೆಳಗೆ ಮೂರು ಸಲ ತೊಳೆದು ಹಾಕಿಕೊಂಡು, ಎರಡನೇ ಘೋಷಣೆಯಲ್ಲಿ ಹೊರಡುವ ಗಾಡಿಯ ವಿವರವನ್ನು ಹೇಳಿದರು. ಒಂದಕ್ಷರ ಜಾರಲಿಲ್ಲ. ಅವರ ಹಳೆಯ ಜೊತೆಗಾರನೊಬ್ಬ ನಿಂತಲ್ಲೇ ಅತ್ತುಬಿಟ್ಟ.

ಮರುದಿನ ಹೆಂಡತಿ, ಅಪ್ಪನಿಗೂ ತನಗೂ ಆ ಸಿನಿಮಾಕ್ಕೆ ಎರಡು ಟಿಕೆಟ್ಟು ತರಿಸಿದಳು.

"ನನಗೆ?"

"ನೀವು ಮುಂದಿನ ವಾರ ಬನ್ನಿ ಅಂತ ಅಟ್ಟಿದ ರೋಗಿಗಳಿಗೆಲ್ಲ ಇವತ್ತೇ ಬನ್ನಿ ಅಂತ ಫೋನ್ ಮಾಡಿದೀನಿ. ಹೊರಗೆ ಕೂತಿದಾರೆ. ಕಾದವರ ಸಂಘ."

ಹಗಲೆಲ್ಲ ಕಂಡವರ ಬಾಯಲ್ಲಿ ಕೈಯಿಟ್ಟುಕೊಂಡು ಕಳೆದೆ. ಸಿನಿಮಾಕ್ಕೆ ಹೋದ ಅಪ್ಪ ಮಗಳು ಬರುವುದನ್ನೇ ಕಾಯುತ್ತಿದ್ದೆ. ಸಂಜೆ ಬಂದರು. ಮಾವ ಊಟದ ಮೇಜಿನ ಮುಂದೆ ಕೂತು ಇಡೀ ಸೇಬು ಕೈಗೆತ್ತಿಕೊಂಡು ಕರಂ ಎಂದು ಕಚ್ಚಿದರು. ನಾಲ್ಕು ವರ್ಷದ ನಂತರ ಆ ಸದ್ದು ಕೇಳಿ ನನಗೂ ಹಿಗ್ಗಾಯಿತು. ಆದರೆ ಕುತೂಹಲ ಅದಕ್ಕಿಂತ ದೊಡ್ಡದು.

"ಮಾವ, ಅವನು ಬಿದ್ದನಾ?"

"ಹೇಳ್ತೀನಿ ಕೇಳಿ," ಮಾವ ಘೋಷಣೆಯ ದನಿಯಲ್ಲಿ ಶುರುಮಾಡಿದರು. "ಆ ಬಾಲ್ಯ ಗೀಲ್ಯ ಎಲ್ಲ ಮುಗೀತು. ಕೊನೇ ಬೆರಳು ಉಳೀತು. ಆ ಬೆಳ್ಳಿ ಹಲ್ಲಿನವನು ಬಗ್ಗಿದ. ಬಗ್ಗಿ, ಅವನ ಕೈ ಹತ್ರ ಬಾಯಿ ತಂದು..." ಎನ್ನುತ್ತ ಕೆನ್ನೆಗೆ ಕೈಯಿಟ್ಟರು. "ಅಳಿಯಂದ್ರೇ, ಎಡಗಡೆ ಒಂಚೂರು ಒತ್ತುತ್ತೆ. ಸ್ವಲ್ಪ ಉಜ್ಜಿ ಕೊಡ್ತೀರಾ?"

"ನಾಳೆ ಮಾಡ್ಕೊಡ್ತೀನಿ ಮಾವ, ಮೊದಲು ಏನಾಯ್ತು ಹೇಳಿ!"

ಹಾಳು ನಾಲಿಗೆ! ನಾಲ್ಕು ವರ್ಷದ ಅಭ್ಯಾಸ, ತಾನಾಗಿ ಆಡಿಬಿಟ್ಟಿತು. ತಟ್ಟೆ ಇಡುತ್ತಿದ್ದ ಹೆಂಡತಿಯ ಕೈ ನಿಂತಿತು. ಮಾವ ನನ್ನನ್ನೊಮ್ಮೆ ನೋಡಿದರು. ಕೆಳಗಿನ ಸೆಟ್ಟನ್ನು ನಿಧಾನವಾಗಿ ಬಾಯಿಂದ ತೆಗೆದು, ನೀರಿನ ಲೋಟಕ್ಕೆ ಹಾಕಿ, ತುಟಿ ಬಿಗಿದುಕೊಂಡು ಕೂತರು.

ಹೆಂಡತಿ ನನ್ನ ಮುಂದೆ ಬೆಳ್ಳಗಿನ ಚಹಾ ಇಟ್ಟಳು.

"ಕಾರಣಾಂತರಗಳಿಂದ ಮುಂದಿನ ಕಥೆಯನ್ನ ಮುಂದೂಡಲಾಗಿದೆ," ಎಂದಳು. "ಪ್ರೇಕ್ಷಕರು ಸಹಕರಿಸಬೇಕು."